ಅಂದಿನ ‘ಹ್ಞೂಂ’ಗೆ ನನ್ನನ್ನು ಇಂದೂ ಕಟ್ಟಿಹಾಕಬೇಡಿ

ಜಿಲ್ಲಾ ನ್ಯಾಯಾಲಯದ ಮಾನ್ಯ ನ್ಯಾಯಾಧೀಶರೇ,

ನಿಮ್ಮದೇ ಹಳೆಯ ಆದೇಶವೊಂದನ್ನು ರದ್ದುಪಡಿಸಿ ಎಂದು ಕೇಳುವ ಹಕ್ಕು ನನಗಿಲ್ಲವಂತೆ. ಏಕೆಂದರೆ ನನ್ನ ಹಕ್ಕುಗಳನ್ನು ಕಿತ್ತುಕೊಂಡದ್ದೇ ಆ ಆದೇಶ. ಬಾವಿಗೆ ತಳ್ಳಿದವರು, ‘ಮೇಲೆ ಬಂದು ಅರ್ಜಿ ಕೊಡು, ಹಗ್ಗ ಬಿಡುತ್ತೇವೆ’ ಅಂದ ಹಾಗಾಯಿತು.

ಮಿನ್ನೆಸೋಟದ ಈ ಊರಿನಲ್ಲಿ ನಾನು ಶಾಲೆಯ ಬಸ್ಸು ಓಡಿಸುತ್ತಿದ್ದವಳು. ಲಕ್ವ ಹೊಡೆದು ಮಾತು ಬಿದ್ದುಹೋಯಿತು. ಬಾಯಿಂದ ಬರುತ್ತಿದ್ದದ್ದು ‘ಹ್ಞೂಂ’ ಒಂದೇ. ನೀರು ಬೇಕಾ ಅಂದರೂ ಹ್ಞೂಂ, ಬೇಡವಾ ಅಂದರೂ ಹ್ಞೂಂ. ಆ ಸ್ಥಿತಿಯಲ್ಲಿ ನನ್ನನ್ನು ಗಾಲಿಕುರ್ಚಿಯಲ್ಲಿ ನಿಮ್ಮೆದುರು ತಂದರು. ‘ನಿಮ್ಮ ತಮ್ಮನ ಮಗ ರೋಲೆಂಡ್ ಪಾಲಕನಾಗಿ ನಿಮ್ಮ ಎಲ್ಲ ತೀರ್ಮಾನ ಮಾಡಲು ಒಪ್ಪಿಗೆಯೇ?’ ಎಂದಿರಿ. ಒಳಗೆ ಬೇಡ, ಬೇಡ ಎಂದು ಅರಚುತ್ತಿದ್ದೆ. ಹೊರಗೆ ಬಂದದ್ದು ಹ್ಞೂಂ. ನೀವು ಅದನ್ನೇ ಬರೆಸಿಕೊಂಡಿರಿ.

ಈಗ ಮಾತು ಮರಳಿದೆ, ಕಾಲಿಗೂ ಶಕ್ತಿ ಬಂದಿದೆ. ಆದರೂ ರೋಲೆಂಡ್ ಸೇರಿಸಿದ ಆರೈಕೆ ಮನೆಯಲ್ಲೇ ಕೂತಿದ್ದೇನೆ. ಅಲ್ಲಿಯವರಿಗೆ ಕ್ಷೌರ ಮಾಡಲು ಬರುವ ಓಡೆಲ್, ಹೆಂಡತಿ ತೀರಿಕೊಂಡವನು, ‘ನನ್ನ ಮದುವೆ ಆಗ್ತೀಯಾ? ಯೋಚ್ನೆ ಮಾಡಿ ಹೇಳು, ನಿನ್ನ ಹ್ಞೂಂ ನಂಬೋ ಹಾಗಿಲ್ಲ’ ಎಂದು ನಕ್ಕ. ಯೋಚಿಸಿಯೇ ಒಪ್ಪಿದೆ. ರೋಲೆಂಡ್ ಒಪ್ಪಲಿಲ್ಲ. ‘ಅತ್ತೆ, ನಿಮ್ಮ ಒಳ್ಳೇದಕ್ಕೇ ಹೇಳೋದು. ನಿಮಗೇನೂ ತಿಳಿಯಲ್ಲ ಅಂತ ಕೋರ್ಟೇ ಹೇಳಿದೆಯಲ್ಲ?’

ಓಡೆಲ್ ತನ್ನ ಕಾರಿನಲ್ಲಿ ನಿಮ್ಮ ಕಚೇರಿಗೆ ಕರೆತಂದ. ಗುಮಾಸ್ತೆ ಅರ್ಜಿ ಮುಟ್ಟಲಿಲ್ಲ.

‘ಪಾಲಕರ ಸಹಿ ಇಲ್ದೆ ತಗೊಳ್ಳೋಕಾಗಲ್ಲಮ್ಮ.’

‘ಆ ಪಾಲಕನ್ನೇ ತೆಗೀರಿ ಅಂತ ಕಣಮ್ಮ ಅರ್ಜಿ!’

‘ಹಾಗಿದ್ರೆ ಅವ್ರ ಸಹಿ ಬೇಕೇ ಬೇಕು.’

ನಾನು ಕೂಗಾಡಿದೆ. ಮನಸ್ಸು ಸ್ತಿಮಿತದಲ್ಲಿಲ್ಲ ಎಂದು ನಿಮಗೆ ವರದಿ ಹೋಯಿತು. ಮುಂದಿನ ಸಲ ಬಾಯಿ ಮುಚ್ಚಿ ಕೂತೆ. ಗ್ರಹಿಕೆ ಇಲ್ಲ ಎಂದು ಬರೆದರು. ಇವೆರಡರ ನಡುವೆ ಹೇಗಿರಬೇಕು, ಸ್ವಾಮಿ? ಕಲಿಸಿಕೊಡಿ, ಹಾಗೇ ಇರುತ್ತೇನೆ.

ಪರಿಸ್ಥಿತಿ ಬದಲಾದರೆ ನ್ಯಾಯಾಲಯ ತನ್ನ ಆದೇಶವನ್ನು ತಾನೇ ಬದಲಿಸಬಹುದು ಎನ್ನುತ್ತದೆ ಕಾನೂನು. ಹಾಗೆ ಮಾಡಿದರೆ ಪೀಠದ ಮರ್ಯಾದೆಗೆ ಕುಂದೇ? ಮೂಳೆ ಕೂಡಿದ ಮೇಲೆ ಪಟ್ಟಿ ಬಿಚ್ಚಿದರೆ, ಕಟ್ಟಿದ ವೈದ್ಯನಿಗೆ ಅವಮಾನವೇ? ಬಿಚ್ಚದಿದ್ದರೆ ಕೈ ಒಣಗುತ್ತದೆ.

ಸರೋವರದ ಹಿಮ ಕರಗಿದ ಮೇಲೆ ಓಡೆಲ್ ತನ್ನ ಮಗಳ ಜೊತೆ ಇರಲು ಡುಲೂತ್ ನಗರಕ್ಕೆ ಹೋಗಿಬಿಡುತ್ತಾನೆ. ‘ಕಾಯ್ತೀನಿ’ ಅಂದಿದ್ದಾನೆ, ಆದರೆ ಅವನಿಗೂ ಹೃದಯದ ಕಾಯಿಲೆ ಇದೆ. ಅಷ್ಟರೊಳಗೆ ನನ್ನನ್ನು ಕರೆಸಿ, ನನ್ನೊಡನೆ ಮಾತಾಡಿ. ಇಲ್ಲ ಎನ್ನುವುದಾದರೆ ನನ್ನ ಮುಖ ನೋಡಿ ಅನ್ನಿ.

ಇಂತಿ,
ತನ್ನ ಹೆಸರಿನಲ್ಲಿ ಸಹಿ ಹಾಕಿದರೂ ಅದು ಸಹಿಯಲ್ಲವೆಂದು ನಿಮ್ಮಿಂದಲೇ ಅನ್ನಿಸಿಕೊಂಡ
ವಿಲ್ಲಾ ಟಾರ್ಕೆಲ್‌ಸನ್