ಯಂತ್ರ ಹಾಡಿದ ಲಾಲಿ

ನನ್ನ ಅಮ್ಮ ಲಿಯೊಕಾಡಿಯಾಗೆ,

ಅವಸರದಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾದರೆ ಬೈಯಬೇಡ. ನೀನು ಕೆಲಸ ಮಾಡುತ್ತಿದ್ದ ಸಂಸ್ಥೆಯ ಹಳೆಯ ಗಣಕಯಂತ್ರವನ್ನು ರಿಪೇರಿ ಮಾಡಿ, ಇವತ್ತು ಬೆಳಿಗ್ಗೆ ವಾರ್ಸಾದ ವಸ್ತುಸಂಗ್ರಹಾಲಯದಲ್ಲಿ ಮತ್ತೆ ಓಡಿಸಿದರು. ಟೈಪಿಸ್ಟಳ ಮಗಳೆಂದು ನನಗೂ ಕರೆ ಬಂದಿತ್ತು, ಕೊನೆಯ ಸಾಲಿನಲ್ಲಿ ಕುರ್ಚಿ. ನಿಜ ಹೇಳಬೇಕೆಂದರೆ ನಾನು ಹೋದದ್ದು ಗಸಗಸೆ ಕೇಕಿನ ಆಸೆಗೆ.

ನೀನು ಗಣಿತ ಓದಿದವಳು. ಆದರೂ ಏನು ಕೆಲಸವೆಂದು ಕೇಳಿದರೆ "ಯಂತ್ರಕ್ಕೆ ಟೈಪ್ ಮಾಡ್ಕೊಡ್ತೀನಿ" ಎಂದು ಸುಮ್ಮನಾಗುತ್ತಿದ್ದೆ. ಕೆಲಸದ ಮಾತು ಮನೆಯಲ್ಲಿ ಆಡಬಾರದೆಂದು ನಿಮ್ಮಿಂದ ಸಹಿ ಹಾಕಿಸಿಕೊಂಡಿದ್ದರಂತೆ. ನಾವೂ ಕೆದಕಲಿಲ್ಲ. ಇವತ್ತು ಯಂತ್ರದ ಪಕ್ಕ ತೂಗುಹಾಕಿದ್ದ ಹಲಗೆಯಲ್ಲೂ ಹಾಗೆಯೇ ಇತ್ತು: ವಿಸ್ತುಲಾ ನದಿಯ ನೆರೆಯನ್ನು ಲೆಕ್ಕ ಹಾಕಿದ ಪ್ರೋಗ್ರಾಂ ಬರೆದವರು ಪ್ರೊಫೆಸರ್ ಓಲ್ಶಾನ್ಸ್ಕಿ. ಕೆಳಗೆ ಸಣ್ಣಕ್ಷರದಲ್ಲಿ, ಟೈಪಿಂಗ್ ಎಂದು ನಿನ್ನ ಹೆಸರು.

ಆಗಿನ ಯಂತ್ರಕ್ಕೆ ಪರದೆ ಇರಲಿಲ್ಲವಂತೆ. ಲೆಕ್ಕ ಸರಿಯಾಗಿ ಸಾಗುತ್ತಿದೆಯೇ ಎಂದು ತಿಳಿಯಲು ಒಂದು ಸ್ಪೀಕರ್ ಜೋಡಿಸಿ, ಅದರ ಸದ್ದಿಗೆ ಕಿವಿಗೊಟ್ಟು ಕೂರುತ್ತಿದ್ದಿರಂತೆ; ಒಂದೊಂದು ಪ್ರೋಗ್ರಾಂಗೂ ಒಂದೊಂದು ರಾಗವಂತೆ. ನಿಮ್ಮ ಕಾಲದ ಎಂಜಿನಿಯರ್ ಮುದುಕ ಸೆವೆರಿನ್ ಆ ನೆರೆಯ ಪ್ರೋಗ್ರಾಂ ಇದ್ದ, ತೂತು ಹೊಡೆದ ಕಾಗದದ ಸುರುಳಿ ಹಾಕಿ ಗುಂಡಿ ಒತ್ತಿದರು. ಸ್ಪೀಕರ್ ಗೊರಗುಟ್ಟಿತು, ದನಿ ಏರಿತು, ಇಳಿಯಿತು.

ಅದು ನನ್ನ ಲಾಲಿ! ತೊಟ್ಟಿಲು ತೂಗುತ್ತ ನೀನು ಗುನುಗುತ್ತಿದ್ದ, ಪದವೇ ಇಲ್ಲದ ಲಾಲಿ. "ಇದೇನು ಲಾಲಿನೋ, ಬಾಗಿಲು ಕಿರುಗುಟ್ಟೋದೋ? ಮಗು ಹೆದರ್ಕೊಳ್ಳುತ್ತೆ ಕಣೇ" ಎಂದು ಅಜ್ಜಿ ಹಂಗಿಸುತ್ತಿದ್ದಳಲ್ಲ, ಅದೇ. ನನಗರಿವಿಲ್ಲದೆ ಎದ್ದು ನಿಂತಿದ್ದೆ, ಗಟ್ಟಿಯಾಗಿ ಗುನುಗುತ್ತಿದ್ದೆ. ರಾಗದಲ್ಲಿ ನಾನು ಮುಂದೆ, ಯಂತ್ರ ನನ್ನ ಹಿಂದೆ. ಜನರೆಲ್ಲ ತಿರುಗಿ ನೋಡಿದರು.

ಆ ರಾಗದ ನಡುವೆ ನೀನು ಥಟ್ಟನೆ ನಿಲ್ಲಿಸಿ, ಬಗ್ಗಿ, ನನ್ನ ಹಣೆಗೆ ಮುತ್ತಿಟ್ಟು ಮುಂದುವರಿಸುತ್ತಿದ್ದೆ. ಅಲ್ಲಿಗೆ ಬಂದಾಗ ಯಂತ್ರವೂ ಸುಮ್ಮನಾಯಿತು. ಮುಂದಿನ ಅಂಕಿಗಳನ್ನು ಓದಿಕೊಳ್ಳಲು ಅದು ಅಲ್ಲಿ ನಿಲ್ಲಲೇಬೇಕಂತೆ. ತಲೆ ನರೆತ ಹೆಂಗಸು ನಾನು, ಅಷ್ಟು ಜನರ ನಡುವೆ ಹಣೆ ಮುಂದೊಡ್ಡಿ ನಿಂತಿದ್ದೆ.

ಸೆವೆರಿನ್ ಕೋಲೂರಿಕೊಂಡು ಬಂದು, ಇದನ್ನು ಯಾವಾಗ ಕಲಿತೆ ಎಂದು ಕೇಳಿದರು. ತೊಟ್ಟಿಲಲ್ಲಿ ಎಂದೆ. ಅವರು ಹಲಗೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ಪ್ರೊಫೆಸರ್ ನಮ್ಮ ಸಂಸ್ಥೆಗೆ ಸೇರಿದ ವರ್ಷ ನೀನು ಮಕ್ಕಳ ಪಾರ್ಟೀಲಿ ಅವರ ಮುಂದೇನೇ ಪದ್ಯ ಹೇಳಿದ್ದೆ, ತಾಯಿ. ಮುಂದಿನ ಎರಡು ಹಲ್ಲು ಬಿದ್ದಿದ್ವು ನಿಂಗೆ. ಅವರು ಬರೋ ಮೊದ್ಲೇ ಇದು ನಿಮ್ಮಮ್ಮನ ಹತ್ರ ಇತ್ತು ಅಂದ್ರೆ, ಈ ಪ್ರೋಗ್ರಾಂ ಬರೆದಿದ್ದು ಅವಳೇ."

ಸಂಗ್ರಹಾಲಯದ ಹುಡುಗಿ ಸ್ಕ್ರೂಡ್ರೈವರ್ ತಂದು, ಎಲ್ಲರೆದುರಿಗೇ ಹಲಗೆ ಕಳಚಿದಳು. ಹೊಸ ಹಲಗೆಯಲ್ಲಿ ನಿನ್ನ ಹೆಸರು ಮೇಲಿರುತ್ತದೆ.

ನನಗೆ ಸಂತೋಷಕ್ಕಿಂತ ದಿಗಿಲೇ ಹೆಚ್ಚು, ಸಿಟ್ಟೂ ಇದೆ. ಸಾಯುವ ಮುಂಚೆ ಒಂದು ಮಾತು ಹೇಳಬಾರದಿತ್ತೇ ಅಮ್ಮ? ನೀನು ಸಹಿ ಹಾಕಿದ್ದೆ, ನಿಜ. ಕೆಲಸದ ಮಾತನ್ನು ನೀನು ಮನೆಗೆ ತರಲಿಲ್ಲ. ರಾಗವನ್ನು ತಂದೆ.

ಇನ್ನು ನೀನು ನೆಮ್ಮದಿಯಾಗಿ ಮಲಗು. ಗುನುಗಲು ನಾನಿದ್ದೇನೆ. ನಿಲ್ಲಿಸಬೇಕಾದ ಜಾಗವೂ ನನಗೆ ಗೊತ್ತು.

ನಿನ್ನ ಮಗಳು,
ಯಾಗ್ನಾ