ಗಾಜಿನ ಫಲಕದೊಳಗಿರುವ ನನ್ನ ಹೆಸರಿನ ಬಗ್ಗೆ

ಮಾನ್ಯ ಕಾರ್ಯದರ್ಶಿಗಳೇ,

ಮೊದಲು ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ದುಂಡಗಿಲ್ಲ. ಹಗಲೆಲ್ಲ ಇಟ್ಟಿಗೆ ಎತ್ತಿದ ಕೈ ಪೆನ್ನಿಗೆ ಸಲೀಸಾಗಿ ಬಗ್ಗುವುದಿಲ್ಲ. ಓದಿದ್ದು ಐದನೇ ತರಗತಿಯವರೆಗೆ. ಒತ್ತಕ್ಷರಗಳು ಅಲ್ಲಲ್ಲಿ ತಪ್ಪಿರಬಹುದು. ಪತ್ರಿಕೆಯವರು ಅಚ್ಚು ಹಾಕುವಾಗ ಕಾಗುಣಿತ ತಿದ್ದಿಕೊಳ್ಳಲಿ. ನಡೆದ ಸಂಗತಿಯನ್ನು ಮಾತ್ರ ಯಾರೂ ತಿದ್ದಬಾರದೆಂದು ಕೈಮುಗಿದು ಕೇಳುತ್ತೇನೆ. ಅದನ್ನು ತಾವು ಈಗಾಗಲೇ ಒಮ್ಮೆ ತಿದ್ದಿದ್ದೀರಿ.

ನಮ್ಮ ಕನ್ನಡ ಸಂಘದ ಗೇಟಿನ ಪಕ್ಕದ ಗಾಜಿನ ಫಲಕದೊಳಗೆ ಇಪ್ಪತ್ತು ದಿನಗಳಿಂದ ಒಂದು ಕಾಗದವಿದೆ. "ಬಂಡೆಮ್ಮ ಎಂಬ ಕೂಲಿ ಹುಡುಗಿಯು ತಾನು ವಿದ್ಯಾರ್ಥಿನಿಯೆಂದು ಸುಳ್ಳು ಹೇಳಿ ಸಂಘವನ್ನು ವಂಚಿಸಿರುವುದರಿಂದ ಆಕೆಗೆ ಸಂಘದ ಆವರಣ ಹಾಗೂ ವಾಚನಾಲಯಕ್ಕೆ ಪ್ರವೇಶವಿರುವುದಿಲ್ಲ." ಕೆಳಗೆ ತಮ್ಮ ಸಹಿ, ಸಂಘದ ಮೊಹರು. ಆ ಕಾಗದವನ್ನು ತೆಗೆಯಿರಿ ಎಂದು ಕೇಳಲು ಮೂರು ಸಲ ಬಂದೆ. ಮೂರು ಸಲವೂ ಕಾವಲುಗಾರ ಸೂಗಪ್ಪ, "ಸಾಹೇಬ್ರು ಮೀಟಿಂಗ್‌ನಾಗ ಅದಾರವ್ವ. ನೀ ಹೋಗು ತಾಯಿ, ನನ್ನ ನೌಕರಿ ಮ್ಯಾಲ ಕಲ್ಲ ಹಾಕಬ್ಯಾಡ" ಎಂದು ಗೇಟಿನಾಚೆಯಿಂದಲೇ ಕಳಿಸಿದ. ತಮ್ಮ ಫಲಕಕ್ಕೆ ಬೀಗವಿದೆ, ನನ್ನ ಕಾಗದಕ್ಕೆ ಅದರೊಳಗೆ ಜಾಗ ಸಿಗುವುದಿಲ್ಲ. ಆದ್ದರಿಂದ ಹೈದರಾಬಾದಿನ ಕನ್ನಡಿಗರೆಲ್ಲ ಓದುವ ಈ ಮಾಸಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನಾನು ಸುಳ್ಳು ಹೇಳಿದ್ದು ನಿಜ. ಯಾರು ಹೇಳಿಸಿದರು ಎಂಬುದನ್ನು ಆ ಕಾಗದ ಬಿಟ್ಟುಬಿಟ್ಟಿದೆ, ಅಷ್ಟೇ.

ನಾನು ಮತ್ತು ಅವ್ವ ಸುರಪುರದ ಕಡೆಯವರು. ಕುಷಾಯಿಗೂಡದಲ್ಲಿ ಸಾಫ್ಟ್‌ವೇರ್ ಮಂದಿಗಾಗಿ ಎಂಟಂತಸ್ತಿನ ಫ್ಲಾಟುಗಳು ಏಳುತ್ತಿವೆಯಲ್ಲ, ಅದರ ಹಿಂದಿನ ತಗಡಿನ ಶೆಡ್ಡುಗಳಲ್ಲಿ ಇರುತ್ತೇವೆ. ಶೆಡ್ಡುಗಳಲ್ಲಿ ತೆಲುಗಿನವರಿದ್ದಾರೆ, ಒಡಿಶಾದವರಿದ್ದಾರೆ, ಬಿಹಾರದವರಿದ್ದಾರೆ. ನನ್ನ ವಯಸ್ಸಿನ ಹುಡುಗಿ ಒಬ್ಬಳೂ ಇಲ್ಲ. ಬಂದ ಮೊದಲ ವರ್ಷ ಅವ್ವನನ್ನು ಬಿಟ್ಟರೆ ನಾನು ಯಾರ ಜೊತೆಗೂ ಪೂರ್ತಿ ಒಂದು ವಾಕ್ಯ ಮಾತಾಡಿದ್ದಿಲ್ಲ. "ಇಟು ರಾ", "ಜಲ್ದಿ ಚಲೋ" ಎಂಬುದಕ್ಕೆ ತಲೆ ಆಡಿಸಿದರೆ ದಿನ ಮುಗಿಯುತ್ತಿತ್ತು. ಒಂದು ಭಾನುವಾರ ಸಂಘದ ಹೆಸರು ಕನ್ನಡದಲ್ಲಿ ಬರೆದಿರುವುದು ಕಂಡು ನಡುರಸ್ತೆಯಲ್ಲಿ ನಿಂತು ಗಟ್ಟಿಯಾಗಿ ಓದಿದೆ. ಆಟೋದವನು ಬೈದುಕೊಂಡು ಹೋದ. ಅಂದಿನಿಂದ ಎರಡು ವರ್ಷ ಪ್ರತಿ ಭಾನುವಾರ ವಾಚನಾಲಯದ ಮೂಲೆಯ ಬೆಂಚು ನನ್ನದಾಗಿತ್ತು. ಯಾರೂ ನನ್ನ ಹೆಸರು ಕೇಳಲಿಲ್ಲ, ನಾನೂ ಹೇಳಲಿಲ್ಲ. ನನಗೆ ಮೊದಲಿನಿಂದಲೂ ಮಾತು ಕಡಿಮೆ.

ಈ ಬೇಸಿಗೆಯಲ್ಲಿ ತಾವು ಒಂದು ಹಾಡು-ನಾಟಕ ಬರೆದಿರಿ. ಸಂಘದ ಶಾಲೆಯ ಮಕ್ಕಳು ನಾಂಪಲ್ಲಿಯ ಸ್ಪರ್ಧೆಯಲ್ಲಿ ಆಡಬೇಕಾದ ನಾಟಕ. ಅಪ್ಪನ ನೌಕರಿಗಾಗಿ ಈ ಊರಿಗೆ ಬಂದ ಹುಡುಗಿಯ ಪಕ್ಕದಲ್ಲಿ ಹೊಸ ಶಾಲೆಯಲ್ಲಿ ಯಾರೂ ಕೂರುವುದಿಲ್ಲ. ಆಕೆ ಗೆಳತಿಯರಿಗಾಗಿ ಒಂದು ಸುಳ್ಳು ಹೇಳುತ್ತಾಳೆ, ಅದನ್ನು ಮುಚ್ಚಲು ಇನ್ನೊಂದು, ಅದಕ್ಕೆ ಮತ್ತೊಂದು. ಕೊನೆಗೆ ಸಿಕ್ಕಿಬೀಳುತ್ತಾಳೆ, ಅಳುತ್ತಾಳೆ, ಎಲ್ಲರೂ ಆಕೆಯನ್ನು ಅಪ್ಪಿಕೊಂಡು ಹಾಡುತ್ತಾರೆ. ಒಳ್ಳೆಯ ಕಥೆ, ಕಾರ್ಯದರ್ಶಿಗಳೇ. ವಾಚನಾಲಯದ ಕಿಟಕಿಯಿಂದ ತಾಲೀಮು ನೋಡುತ್ತ ನಾನು ಎರಡು ಸಲ ಅತ್ತಿದ್ದೇನೆ.

ಹಾಡುಗಳು ಮಾತ್ರ ಚೆನ್ನಾಗಿರಲಿಲ್ಲ. "ಓ ಏಕಾಂತವೇ, ನೀನೆಂಥ ಘೋರ ಕಾಂತಾರವೇ" ಎಂದು ತಾವು ಬರೆದದ್ದನ್ನು ಹಾರ್ಮೋನಿಯಂ ನುಡಿಸುವ ವಾಸುದೇವ ಮಾಸ್ತರರು ಹದಿನೈದು ದಿನ ಹಾಡಿಸಿದರು. ನಾಯಕಿಯ ಪಾತ್ರದ ಶಾಂಭವಿ, "ಸರ, ಕಾಂತಾರ ಅಂದಕೂಡ್ಲೇ ನಗು ಬರ್ತದ್ರಿ" ಎಂದು ದಿನಾ ಬೈಸಿಕೊಳ್ಳುತ್ತಿದ್ದಳು. ಒಂದು ಭಾನುವಾರ ಎಲ್ಲರೂ ಚಹಾಕ್ಕೆ ಹೋದಾಗ ನಾನು ಬರೆದ ಒಂದು ಹಾಡನ್ನು ಹಾರ್ಮೋನಿಯಂ ಕೆಳಗೆ ತುರುಕಿ ಓಡಿಹೋದೆ.

ಗ್ವಾಡಿ ಕಡೆ ಮಾರಿ ಮಾಡಿ ಬುತ್ತಿ ಬಿಚ್ಚೇನಿ,
ಗ್ವಾಡಿಗೊಂದು ತುತ್ತು, ನನಗೊಂದು ತುತ್ತು.

ಹೀಗೆ ಶುರುವಾಗುವ ಹಾಡು. ಅವ್ವನ ಕೆಲಸ ಬೇರೆ ಸೈಟಿನಲ್ಲಿ. ಮಧ್ಯಾಹ್ನ ನಮ್ಮ ಸೈಟಿನಲ್ಲಿ ನಾನು ಉಣ್ಣುವುದು ಹಾಗೆಯೇ, ಗೋಡೆಗೆ ಮುಖ ಮಾಡಿ. ಮುಂದಿನ ಭಾನುವಾರ ಮಾಸ್ತರರು ನನ್ನ ಬೆಂಚಿನ ಮುಂದೆ ನಿಂತು, "ಈ ಕಾಗದ ನಿಂದೇನು? ಓಡಬ್ಯಾಡ, ನಾ ಏನ್ ಪೊಲೀಸ್ ಅಲ್ಲ" ಎಂದರು. ಇನ್ನೂ ಮೂರು ಹಾಡು ಬರೆಸಿಕೊಂಡರು. ಹಾಡಿ ತೋರಿಸಿದ ಮೇಲೆ ಹಿಮ್ಮೇಳದಲ್ಲಿ ನಾನೇ ಹಾಡಬೇಕೆಂದು ಹಟ ಹಿಡಿದರು. ಆದರೆ ಸ್ಪರ್ಧೆ ಶಾಲಾ ಮಕ್ಕಳಿಗೆ ಮಾತ್ರ. ತಾವು ನನ್ನನ್ನು ಕಚೇರಿಗೆ ಕರೆಸಿದಿರಿ. ಮೇಜಿನ ಮೇಲೆ ಗೋಡಂಬಿ ಬಿಸ್ಕೀಟು ಇತ್ತು. ತಾವು ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪಿದೆ.

"ಒಂಬತ್ತನೇ ಕ್ಲಾಸಿನ ಧನಶ್ರೀ ಪುಣೆಕ್ಕ ಹೋಗ್ಯಾಳ, ಹೆಸರು ಇನ್ನೂ ಪಟ್ಟಿಯೊಳಗ ಅದ. ಇವತ್ತಿಂದ ನೀನs ಧನಶ್ರೀ. ಯಾರರೆ ಕೇಳಿದ್ರ ಹಂಗs ಹೇಳು."

"ಸುಳ್ಳ ಆಗ್ತೈತಲ್ರಿ ಸರ?"

"ನಾಟಕದಾಗ ಹೆಸರು ಬದಲ ಮಾಡೋದು ಸುಳ್ಳೇನು? ಇದೂ ಒಂದು ಪಾತ್ರ ಅಂತ ತಿಳ್ಕೋ. ಬಿಸ್ಕೀಟ ತಗೋ."

ತಗೊಂಡೆ. ಹೆಸರನ್ನೂ ತಗೊಂಡೆ. ನಿಜ ಹೇಳಬೇಕೆಂದರೆ ಖುಷಿಯಿಂದಲೇ ತಗೊಂಡೆ. ಸಂಘದ ಶಾಲೆಯ ಸಮವಸ್ತ್ರ ಹಾಕಿಕೊಂಡು ಮೂರು ತಿಂಗಳು ಪ್ರತಿ ಭಾನುವಾರ ತಾಲೀಮಿಗೆ ಬಂದೆ. ಶಾಂಭವಿ ತನ್ನ ಡಬ್ಬಿಯ ಮುಚ್ಚಳದಲ್ಲಿ ನನಗೆ ಉಪ್ಪಿಟ್ಟು ಹಾಕಿ, "ಧನಶ್ರೀ ಬಾಯಾರs, ಊಟಕ್ಕ ಏಳ್ರಿ" ಎಂದು ಚಾಷ್ಟಿ ಮಾಡುತ್ತಿದ್ದಳು. ನಾನು ರೊಟ್ಟಿ, ಪುಂಡಿಪಲ್ಯೆ ಕೊಡುತ್ತಿದ್ದೆ. ಈ ಊರಿಗೆ ಬಂದ ಮೇಲೆ ಮೊದಲ ಸಲ ನನ್ನ ವಯಸ್ಸಿನವರು ಯಾರೋ ನನ್ನ ಎದುರು ಕುಳಿತು ಉಣ್ಣುತ್ತಿದ್ದರು. ಆ ಸುಳ್ಳು ಮುಗಿಯದಿರಲಿ ಎಂದು ಬೇಡಿಕೊಂಡಿದ್ದೂ ಉಂಟು. ಅದು ನನ್ನ ತಪ್ಪು. ಅದನ್ನು ಬೇಕಾದರೆ ಫಲಕದಲ್ಲಿ ಹಾಕಿ.

ಈಗ ನಾಂಪಲ್ಲಿಯ ದಿನದ ವಿಷಯ. ನನಗೆ ಪದ ಕಟ್ಟುವುದನ್ನು ಕಲಿಸಿದವಳು ನನ್ನ ಅಜ್ಜಿ. ಭಜನೆಯಲ್ಲಿ ತತ್ವಪದ ಹಾಡುತ್ತಿದ್ದಳು. ಆ ಪದಗಳಲ್ಲಿ ಕೊನೆಯ ನುಡಿಗೆ ಅಂಕಿತ ಬರಲೇಬೇಕು. ಕೆಲವರು ಗುರುವಿನ ಹೆಸರು, ಕೆಲವರು ದೇವರ ಹೆಸರು, ಕೆಲವರು ತಮ್ಮದೇ ಹೆಸರು ಇಡುತ್ತಾರೆ. "ಹೆಸರಿಲ್ಲದ ಪದ ನಡುವs ಬಿಡಬಾರದವ್ವ. ಕೇಳಿದ ಮಂದಿ ಯಾರಿಗೆ ಹೊಗಳಬೇಕು, ಯಾರಿಗೆ ಬೈಬೇಕು?" ಎನ್ನುತ್ತಿದ್ದಳು ಅಜ್ಜಿ. ಅಂಕಿತದ ನುಡಿ ಹಾಡದೆ ಎದ್ದರೆ ಮತ್ತೆ ಕೂರಿಸಿ ಹಾಡಿಸುತ್ತಿದ್ದಳು. ಹಾಗಾಗಿ ಬುತ್ತಿಯ ಹಾಡಿಗೂ ನಾನು ಅಂಕಿತ ಇಟ್ಟಿದ್ದೆ.

ಕಟ್ಟಿದಾಕಿ ಎಲ್ಲೋ, ಉಣ್ಣಾಕಿ ಒಬ್ಬಾಕಿ,
ಕೂಡಿ ಉಣ್ಣೋಣ ಬಾ ಅಂತಾಳ ಬಂಡೆಮ್ಮ.

ವೇಳೆ ಸಾಲದೆಂದು ಮಾಸ್ತರರು ಆ ನುಡಿಯನ್ನು ಕತ್ತರಿಸಿದ್ದರು. ತಾಲೀಮಿನಲ್ಲಿ ಪ್ರತಿ ಸಲ ಮೂರನೇ ನುಡಿಗೇ ನಿಲ್ಲಿಸಿದ್ದೆ. ನಾಂಪಲ್ಲಿಯಲ್ಲಿ ಸಭಾಂಗಣ ತುಂಬಿತ್ತು. ಶಾಂಭವಿ ಡಬ್ಬಿ ಹಿಡಿದು ಗೋಡೆಯ ಕಡೆ ತಿರುಗಿದಾಗ ಆರುನೂರು ಜನರಲ್ಲಿ ಒಬ್ಬರೂ ಕೆಮ್ಮಲಿಲ್ಲ. ಮೂರನೇ ನುಡಿ ಮುಗಿಯಿತು. ನನ್ನ ಬಾಯಿ ನಿಲ್ಲಲಿಲ್ಲ. ಬೇಕೆಂದು ಮಾಡಿದ್ದಲ್ಲ. ಪದ ಅಷ್ಟು ಚೆನ್ನಾಗಿ ನಡೆದಾಗ ಅಂಕಿತವಿಲ್ಲದೆ ಅದನ್ನು ಇಳಿಸುವುದು ನನಗೆ ಬರುವುದಿಲ್ಲ. ಮಾಸ್ತರರ ಬೆರಳುಗಳೂ ತಾವಾಗಿಯೇ ಜೊತೆಗೆ ಬಂದವು. ಎರಡು ಸಲ ಹಾಡಿದೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ನಾಟಕ ಮುಗಿದ ಮೇಲೆ ತೀರ್ಪುಗಾರರಲ್ಲೊಬ್ಬರು, ವಯಸ್ಸಾದ ಹೆಣ್ಣುಮಗಳು, ಮೈಕಿನಲ್ಲಿ ಕೇಳಿದರು: "ಈ ಬಂಡೆಮ್ಮ ಯಾರು? ಪಟ್ಟಿಯಲ್ಲಿ ಕಾಣಲಿಲ್ಲ. ಹಾಡು ಆಕೆಯದೇ ಇರಬೇಕಲ್ಲ? ವೇದಿಕೆಗೆ ಕರೆಯಿರಿ, ನೋಡೋಣ." ಆಕೆ ಹೊಗಳಲು ಕೇಳಿದ್ದು. ತಾವು ಹೆದರಿದಿರಿ. ಪಟ್ಟಿ ತೆಗೆದರು, ಧನಶ್ರೀ ಎಲ್ಲಿ ಎಂದರು, ವಿಷಯ ಹೊರಬಿತ್ತು. ಆಗ ತಾವು ಎದ್ದು ನಿಂತು, ನನ್ನ ಕಡೆ ಕೈ ತೋರಿಸಿ ಹೇಳಿದಿರಿ: "ನಮಗೂ ಈಗಲೇ ತಿಳಿಯುತ್ತಿದೆ. ಈ ಹುಡುಗಿ ನಮ್ಮೆಲ್ಲರಿಗೂ ಸುಳ್ಳು ಹೇಳಿದ್ದಾಳೆ."

ನಮ್ಮೆಲ್ಲರಿಗೂ! ಒಂಬತ್ತನೇ ತರಗತಿಯಲ್ಲಿ ಧನಶ್ರೀಯ ಜೊತೆ ವರ್ಷಗಟ್ಟಲೆ ಕೂತ ಮಕ್ಕಳಿಗೆ ನಾನು ಧನಶ್ರೀ ಎಂದು ನಂಬಿಸಿದೆನೆ? ಮಾಸ್ತರರಿಗೆ ಗೊತ್ತಿತ್ತು. ಬಣ್ಣ ಹಚ್ಚುವವರಿಗೆ ಗೊತ್ತಿತ್ತು. ಚಹಾ ತರುವ ಸೂಗಪ್ಪನಿಗೆ ಗೊತ್ತಿತ್ತು. ಇಡೀ ಸಂಘಕ್ಕೆ ಗೊತ್ತಿದ್ದ ಗುಟ್ಟು ಅದನ್ನು ಹುಟ್ಟಿಸಿದ ಒಬ್ಬರಿಗೆ ಮಾತ್ರ ಗೊತ್ತಿರಲಿಲ್ಲವೆಂದರೆ ಎಂಥ ಆಶ್ಚರ್ಯ! ನಾನು ಮಾಸ್ತರರ ಮುಖ ನೋಡಿದೆ. ಅವರು ಹಾರ್ಮೋನಿಯಂ ಮುಚ್ಚಳದ ಕೊಂಡಿಯನ್ನು ಹಾಕುತ್ತಿದ್ದರು, ಬಿಚ್ಚುತ್ತಿದ್ದರು. ಶಾಂಭವಿ ಬಾಯಿ ತೆರೆದಳು. ಆಕೆಯ ತಾಯಿ ರಟ್ಟೆ ಹಿಡಿದು ಎಳೆದುಕೊಂಡು ಹೋದರು. ವಾಪಸು ಬರುವ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ ಇತ್ತು. ತಮ್ಮ ನಾಟಕದ ಮೊದಲ ದೃಶ್ಯವನ್ನು ಇಷ್ಟು ಚೆನ್ನಾಗಿ ಯಾರೂ ಆಡಿರಲಾರರು.

ತಮಗೆ ಒಂದು ಪ್ರಶ್ನೆ. ತಾವೇ ಬರೆದ ನಾಟಕದಲ್ಲಿ, ಜೊತೆ ಬೇಕೆಂದು ಸುಳ್ಳು ಹೇಳಿದ ಹುಡುಗಿಯನ್ನು ತಾವು ಕ್ಷಮಿಸಿದಿರಿ. ಆಕೆಯ ಅಪ್ಪನಿಗೆ ಕಾರು ಇದೆ ಎಂದೇ? ಆಕೆ ಇಂಗ್ಲಿಷ್ ಮಾತಾಡುತ್ತಾಳೆ ಎಂದೇ? ಅಥವಾ ಬಣ್ಣ ಹಚ್ಚಿಕೊಂಡ ಒಂಟಿತನಕ್ಕೆ ಮಾತ್ರ ಅಪ್ಪುಗೆ, ಸಿಮೆಂಟು ಹತ್ತಿದ ಒಂಟಿತನಕ್ಕೆ ನೋಟೀಸು ಎಂಬ ನಿಯಮವೇನಾದರೂ ಸಂಘದ ಪುಸ್ತಕದಲ್ಲಿದೆಯೇ? ನಾನು ತಮ್ಮಿಂದ ಅಪ್ಪುಗೆ ಕೇಳಲಿಲ್ಲ. "ಹೆಸರು ಕೊಟ್ಟಿದ್ದು ನಾನೇ" ಎಂದು ನಾಲ್ಕು ಮಾತು ಆಡಿದ್ದರೆ ಸಾಕಿತ್ತು. ಸ್ಪರ್ಧೆ ಹೋಗುತ್ತಿತ್ತು, ಅದು ಹೇಗೂ ಹೋಯಿತು. ನಾನು ಉಳಿಯುತ್ತಿದ್ದೆ.

ಇಷ್ಟಕ್ಕೇ ಸುಮ್ಮನಾಗುತ್ತಿದ್ದೆನೋ ಏನೋ. ಹೋದ ವಾರ ರಾಜ್ಯೋತ್ಸವದ ಆಮಂತ್ರಣ ಪತ್ರಿಕೆ ಕೈಗೆ ಬಂತು. ಸೈಟಿಗೆ ಹೊಸದಾಗಿ ಬಂದ ಎಂಜಿನಿಯರು ಕನ್ನಡದವರು, ಅವರ ಮೇಜಿನ ಮೇಲಿತ್ತು. ಅದೇ ನಾಟಕ ಮತ್ತೆ ಆಡುತ್ತಿದ್ದೀರಿ. "ರಚನೆ" ಎಂಬಲ್ಲಿ ತಮ್ಮ ಹೆಸರು. "ಹಾಡುಗಳು" ಎಂಬಲ್ಲಿ "ಜಾನಪದ" ಎಂದಿದೆ. ಕಟ್ಟಿದವರು ಯಾರೆಂದು ತಿಳಿಯದೆ ಬಾಯಿಂದ ಬಾಯಿಗೆ ಬಂದದ್ದು ಜಾನಪದ ಎಂದು ಮಾಸ್ತರರು ನಮಗೆ ಹೇಳಿಕೊಟ್ಟಿದ್ದರು. ಕಟ್ಟಿದವಳು ತಮ್ಮ ಗೇಟಿನಿಂದ ಕೂಗಳತೆಯಲ್ಲಿ ಇಟ್ಟಿಗೆ ಹೊರುತ್ತಿದ್ದಾಳೆ. ನನ್ನ ಸುಳ್ಳಿಗೆ ಹೆಸರು ಬೇಕು, ನನ್ನ ಹಾಡಿಗೆ ಬೇಡ. ಇದು ಯಾವ ಊರಿನ ನ್ಯಾಯ?

ಆದ್ದರಿಂದ ನಾನು ಕೇಳುವುದು ಇಷ್ಟು. ಆ ಕಾಗದ ತೆಗೆದು ಅದೇ ಜಾಗದಲ್ಲಿ, ಅದೇ ಮೊಹರು ಒತ್ತಿ, ನನಗೆ ಧನಶ್ರೀ ಎಂಬ ಹೆಸರು ಕೊಟ್ಟವರು ಯಾರೆಂದು ತಮ್ಮ ಕೈಯಾರೆ ಬರೆದು ಹಾಕಬೇಕು. ಇಪ್ಪತ್ತು ದಿನ ಇದು ಇತ್ತಲ್ಲ, ಅದೂ ಇಪ್ಪತ್ತು ದಿನ ಇರಲಿ. ರಾಜ್ಯೋತ್ಸವದಲ್ಲಿ ನನ್ನ ಹಾಡುಗಳನ್ನು ಹಾಡುವುದಾದರೆ ಕೊನೆಯ ನುಡಿ ಸಮೇತ ಹಾಡಬೇಕು. ಇಲ್ಲವಾದರೆ ಘೋರ ಕಾಂತಾರವನ್ನೇ ಹಾಡಿ. ಈ ಪತ್ರ ಅಚ್ಚಾದ ಮೇಲಿನ ಮೊದಲ ಭಾನುವಾರ ನಾನು ವಾಚನಾಲಯಕ್ಕೆ ಬರುತ್ತೇನೆ. ತಡೆಯುವುದಾದರೆ ಬಡ ಸೂಗಪ್ಪನನ್ನು ನಿಲ್ಲಿಸಬೇಡಿ, ತಾವೇ ನಿಂತು ತಡೆಯಿರಿ.

ಇನ್ನೊಂದು ಮಾತು ಬರೆಯದೆ ಮುಗಿಸಿದರೆ ನಾನೂ ತಮ್ಮ ಹಾಗೆಯೇ ಆಗುತ್ತೇನೆ. ನನ್ನ ಅವ್ವ ಗಂಗಾಬಾಯಿಗೆ ಓದು ಬರುವುದಿಲ್ಲ. ಕಾಗದ ಹಾಕಿದ ಮರುದಿನ ಸೂಗಪ್ಪ ಆಕೆಗೆ, "ಬೋರ್ಡಿನ್ಯಾಗ ನಿನ್ನ ಮಗಳ ಹೆಸರು ಬಂದೈತಿ" ಎಂದಷ್ಟೇ ಹೇಳಿ, ಮುಂದಿನದು ಹೇಳಲು ಬಾಯಿ ಬರದೆ ಹೊರಟುಹೋದ. ಅವ್ವ ನನ್ನನ್ನು ಎಳೆದುಕೊಂಡು ಬಂದಳು. "ಎಲ್ಲೈತಿ ತೋರ್ಸು" ಎಂದಳು. ತೋರಿಸಿದೆ. ಆ ಮೂರು ಅಕ್ಷರಗಳ ಮುಂದೆ ಕೈಮುಗಿದಳು. "ಏನಂತ ಬರದಾರ?" ಎಂದು ಕೇಳಿದಾಗ, "ಚಲೋ ಹಾಡ್ಯಾಳ ಅಂತ ಬರದಾರಬೇ" ಎಂದೆ. ಶೆಡ್ಡಿನ ಮಂದಿಗೆಲ್ಲ ತನ್ನ ಮುರುಕು ತೆಲುಗಿನಲ್ಲಿ, ಮುರುಕು ಹಿಂದಿಯಲ್ಲಿ ಹೇಳಿಕೊಂಡು ಬಂದಳು. ಕೆಲಸಕ್ಕೆ ಹೋಗುವಾಗ ಸುತ್ತುಹಾಕಿ ಆ ಗೇಟಿನ ಮುಂದಿನಿಂದಲೇ ಹೋಗುತ್ತಾಳೆ. ಈ ಸುಳ್ಳನ್ನು ನನಗೆ ಯಾರೂ ಕಲಿಸಿಕೊಡಲಿಲ್ಲ. ಇದು ನನ್ನ ಸ್ವಂತದ್ದು. ಪತ್ರಿಕೆಯಲ್ಲಿ ಊರಿಗೆಲ್ಲ ನಿಜ ಬರೆಯುವವಳು ಮೊದಲು ಆಕೆಗೆ ಹೇಳಬೇಕಿತ್ತು.

ಇವತ್ತು ಬೆಳಿಗ್ಗೆ ಕೆಲಸಕ್ಕೆ ಹೋಗುವ ದಾರಿಯಲ್ಲಿ ಆಕೆಯನ್ನು ಆ ಫಲಕದ ಮುಂದೆ ನಿಲ್ಲಿಸಿ, ಒಂದು ಪದವನ್ನೂ ಬಿಡದೆ ಓದಿ ಹೇಳಿದೆ. ತಮ್ಮ ಸಹಿಯವರೆಗೆ ಓದಿದೆ. ಅವ್ವ ತಲೆಯ ಮೇಲಿನ ಬುಟ್ಟಿ ಕೆಳಗಿಟ್ಟಳು. "ಇನ್ನೊಮ್ಮೆ ಓದು, ಸಾವಕಾಶ ಓದು" ಎಂದಳು. ಇನ್ನೊಮ್ಮೆ ಓದಿದೆ.

ಇಂತಿ,
ಇನ್ನೂ ಜಾನಪದವಾಗಿರದ,
ಬಂಡೆಮ್ಮ
ಕುಷಾಯಿಗೂಡ, ಹೈದರಾಬಾದ್