ಬಿಸಿನೆಸ್ ಲಾಗೆ ಯಾವ ಪುಸ್ತಕ

2020 ನವೆಂಬರ್ 9, ಸೋಮವಾರ. ಬೆಳಿಗ್ಗೆ 10.20

ಮತ್ತೆ ಕುಕ್ಕರ್ ಇಡುವಂತಿಲ್ಲ. ಜಯಂತನ ಮೀಟಿಂಗು ಹನ್ನೊಂದರವರೆಗೆ. ಹೋದ ವಾರ ಮೂರನೇ ವಿಸಿಲ್‌ಗೆ ಕಾವಾಸಾಕಿ ಆಫೀಸಿನ ಮೊರಿತಾ ಸಾನ್ ಗಾಬರಿಯಾಗಿ, ನಿಮ್ಮ ಮನೆಯಲ್ಲಿ ಬೆಂಕಿ ಅಲಾರಂ ಹೊಡೆಯುತ್ತಿದೆ ಎಂದರಂತೆ. ಅಂದಿನಿಂದ ನಮ್ಮ ಬೇಳೆ ಗಂಡನ ಆಫೀಸ್ ಕ್ಯಾಲೆಂಡರ್ ನೋಡಿಕೊಂಡು ಬೇಯುತ್ತಿದೆ.

ಇರಲಿ. ನಿನ್ನೆ ಮಾರ್ಕೆಟಿಂಗ್ ಪಾಸು. ಖುಷಿಯೋ ಖುಷಿ. ಮದುವೆ, ವೀಸಾ, ಟೋಕಿಯೋ ಎಂದು ಬಿ.ಕಾಂ. ಕೊನೆಯ ವರ್ಷ ಬಿಟ್ಟವಳು. ಹನ್ನೊಂದು ವರ್ಷದ ಮೇಲೆ ಅಮೆರಿಕದ ಒಂದು ಆನ್‌ಲೈನ್ ಕಾಲೇಜು ಹಳೆಯ ಮಾರ್ಕ್ಸ್ ಒಪ್ಪಿಕೊಂಡಿತು. ಕ್ಲಾಸಿಲ್ಲ, ಮೇಷ್ಟ್ರಿಲ್ಲ. ಮನೆಯಲ್ಲೇ ಓದಿ, ಕ್ಯಾಮೆರಾ ಮುಂದೆ ನಾಲ್ಕು ಪರೀಕ್ಷೆ ಬರೆದು ಕ್ರೆಡಿಟ್ ಗಳಿಸಿದರೆ ಡಿಗ್ರಿ. ಮೂರು ಮುಗಿದವು. ಬಿಸಿನೆಸ್ ಲಾ ಒಂದೇ ಬಾಕಿ.

ಟೋಕಿಯೋದ ನಿಶಿ ಕಸಾಯಿ ಬಡಾವಣೆಯ ಮಕ್ಕಳ ಶಾಲೆಯಲ್ಲಿ ಎರಡು ವರ್ಷದಿಂದ ಅಡ್ಮಿಷನ್ ಕೆಲಸ ಮಾಡಿಕೊಡುತ್ತಿದ್ದೇನೆ. ಹೆಸರಿಲ್ಲದ ಹುದ್ದೆ. ಶಾಲೆ ನಡೆಸುವ ಕಾಮಾಕ್ಷಿ ಮೇಡಂ ಹೇಳಿದ್ದಾರೆ — ಏಪ್ರಿಲ್ ಒಂದಕ್ಕೆ ಡಿಗ್ರಿ ಇದ್ದರೆ ಆಫೀಸ್ ಮ್ಯಾನೇಜರ್ ಕುರ್ಚಿ ನನಗೆ. ಇಲ್ಲದಿದ್ದರೆ ಬೇರೆಯವರನ್ನು ನೋಡುತ್ತಾರೆ. ನನಗೆ ಆ ಕುರ್ಚಿ ಬೇಕು. ತುಂಬ ಬೇಕು.

ನವೆಂಬರ್ 12

ಬಿಸಿನೆಸ್ ಲಾಗೆ ಯಾವುದನ್ನು ಓದುವುದು? ನೆಟ್‌ನಲ್ಲಿ ಕೇಳಿದರೆ ನೂರು ಜನ, ನೂರು ಪುಸ್ತಕ. ಸಾವಿರದ ನೂರು ಪುಟದ ಒಂದು ದಪ್ಪ ಟೆಕ್ಸ್ಟ್‌ಬುಕ್. ಫ್ಲ್ಯಾಶ್ ಕಾರ್ಡ್ಸ್. ತಿಂಗಳ ಚಂದಾದ ವೆಬ್‌ಸೈಟ್. ಒಬ್ಬನ ವಿಡಿಯೋ — ಕಾನೂನು ಹೇಳುತ್ತಾನೋ ಮಿಕ್ಸಿ ಮಾರುತ್ತಾನೋ ಗೊತ್ತಾಗುವುದಿಲ್ಲ. ಇನ್ನೊಂದು ಬರೀ ಪ್ರಶ್ನೆಗಳ ತೆಳು ಪುಸ್ತಕ. ಅಷ್ಟು ತೆಳುವಾದದ್ದನ್ನು ನಂಬಲು ಮನಸ್ಸು ಬರಲಿಲ್ಲ.

ಜಯಂತ ಎಕ್ಸೆಲ್ ಶೀಟ್ ಮಾಡಿಕೊಟ್ಟ. ಏಳು ಕಾಲಂ, ಬಣ್ಣ ಬೇರೆ. ಎಲ್ಲಕ್ಕೂ ಹತ್ತಕ್ಕೆ ಏಳು ಬಂದಿದೆ. ಇಂಜಿನಿಯರ್‌ನನ್ನು ಕಟ್ಟಿಕೊಂಡರೆ ಇಷ್ಟೇ ಲಾಭ.

ನವೆಂಬರ್ 15, ಭಾನುವಾರ

ಬೆಂಗಳೂರಿಗೆ ಫೋನ್. ವೇದವಲ್ಲಿ ಅಕ್ಕ ಒಂದೇ ಮಾತಲ್ಲಿ ತೀರ್ಪು ಕೊಟ್ಟಳು.

"ನಿನ್ ಹಳೇ ಗೈಡು ಅಟ್ಟದ ಮೇಲೇ ಇದೆ ಕಣೇ. ಅಂಡರ್‌ಲೈನ್ ಮಾಡಿರೋದು. ಹೊಸದ್ಯಾಕೆ?"

ಪಾರ್ಸೆಲ್ ಯಾವಾಗ ತಲುಪುತ್ತದೋ ಈ ಕೊರೊನಾ ಕಾಲದಲ್ಲಿ ಹೇಳುವಂತಿಲ್ಲ. ಪುಟ ಪುಟದ ಫೋಟೋ ತೆಗೆದು ಕಳಿಸುತ್ತಾಳಂತೆ. 212 ಪುಟ! ಬೇಡ ಎಂದೆ. ಊಟವಾದ ಮೇಲೆ ತನಗೇನು ಕೆಲಸ ಎಂದಳು. ಅಕ್ಕ ಬಿ.ಕಾಂ. ಬಿಟ್ಟದ್ದು ಎರಡನೇ ವರ್ಷಕ್ಕೆ, ನಾನು ಮೂರನೇ ವರ್ಷಕ್ಕೆ. ನಮ್ಮ ಮನೆಯ ಹೆಣ್ಣುಮಕ್ಕಳ ಡಿಗ್ರಿಯೆಲ್ಲ ಅರ್ಧ ದಾರಿಯದೇ.

ನವೆಂಬರ್ 29

ಪೂರ್ತಿ ಬಂತು. ಪ್ರತಿ ಫೋಟೋದಲ್ಲೂ ಅಕ್ಕನ ಹೆಬ್ಬೆರಳು. ಕೆಲವು ಪುಟದಲ್ಲಿ ಅರಿಶಿನ. ನನ್ನದೇ ಅಕ್ಷರ — ‘ವೆರಿ ಇಂಪಾರ್ಟೆಂಟ್, 10 ಮಾರ್ಕ್ಸ್’. ಕಾಂಟ್ರಾಕ್ಟ್ ಎಂದರೇನು, ಸೆಕ್ಷನ್ ನಂಬರ್ ಸಮೇತ ಈಗಲೂ ಬಾಯಿಗೆ ಬರುತ್ತದೆ. ಇನ್ನು ಯಾವ ಪುಸ್ತಕವೂ ಬೇಡ. ಎಕ್ಸೆಲ್ ಶೀಟ್ ಡಿಲೀಟ್. ಜಯಂತನಿಗೆ ಸ್ವಲ್ಪ ಬೇಜಾರು.

ಡಿಸೆಂಬರ್ 20

ಬಾಲ್ಕನಿಯಲ್ಲಿ ಓಡಾಡುತ್ತ ಉರು ಹೊಡೆಯುತ್ತಿದ್ದೇನೆ. ಎದುರು ಮನೆಯಾಕೆ ಫ್ಯೂಟಾನ್ ಹಾಸಿಗೆ ಬಿಸಿಲಿಗೆ ಹಾಕುತ್ತ ದಿನಾ ತಲೆಬಾಗಿ ನಮಸ್ಕರಿಸುತ್ತಾರೆ. ಮಂತ್ರ ಹೇಳುತ್ತಿದ್ದೇನೆ ಎಂದುಕೊಂಡಿರಬೇಕು.

ಪ್ರಾಕ್ಟೀಸ್ ಟೆಸ್ಟ್ ಯಾವಾಗ ಎಂದು ಜಯಂತ ಕೇಳಿದ. ಮೊದಲು ಪೋರ್ಷನ್ ಮುಗಿಯಲಿ. ಪೋರ್ಷನ್ ಮುಗಿಯದೆ ಯಾರಾದರೂ ಟೆಸ್ಟ್ ತಗೊಳ್ಳುತ್ತಾರೆಯೇ?

2021 ಜನವರಿ 11

ಮತ್ತೆ ಕೊರೊನಾ ಎಮರ್ಜೆನ್ಸಿ. ಮೂಲೆಯ ಅಂಗಡಿ ಕೊಂಬಿನಿಗೆ ಹೋಗಿ ಹಾಲು ತರುವುದೇ ವಿಹಾರ. ಪರೀಕ್ಷೆ ಬುಕ್ ಮಾಡಿದೆ — ಮಾರ್ಚ್ 6, ಬೆಳಿಗ್ಗೆ 9. ಫೇಲಾದರೆ ಮೂರು ತಿಂಗಳು ಮತ್ತೆ ಬರೆಯುವಂತಿಲ್ಲ. ಅಷ್ಟರಲ್ಲಿ ಏಪ್ರಿಲ್ ಹೋಗಿರುತ್ತದೆ, ಕುರ್ಚಿಯೂ ಹೋಗಿರುತ್ತದೆ. ಪರವಾಗಿಲ್ಲ, ಇನ್ನು ಮೂರೇ ಅಧ್ಯಾಯ.

ಫೆಬ್ರವರಿ 7, ಭಾನುವಾರ. ಸಂಜೆ 5

ಪೋರ್ಷನ್ ಮುಗಿಯಿತು. ಟೆಸ್ಟ್ ತಗೊಂಡೆ. ಪಾಸಿಗೆ 50 ಬೇಕು. ನನಗೆ 38.

ಕಾಂಟ್ರಾಕ್ಟ್ ಭಾಗದಲ್ಲೇ ಹೆಚ್ಚು ತಪ್ಪು. ನನಗೆ ನಿದ್ದೆಯಲ್ಲೂ ಬರುವ ಭಾಗ! ಹದಿನಾರರ ಹುಡುಗ ಬೈಕ್ ಕೊಳ್ಳಲು ಒಪ್ಪಂದ ಮಾಡಿಕೊಂಡ, ಅದು ಏನಾಗುತ್ತದೆ? ಮೈನರ್ ಮಾಡಿದ್ದು, ಹುಟ್ಟಿನಿಂದಲೇ ರದ್ದು, ವಾಯ್ಡ್ ಎಂದು ಕಣ್ಣುಮುಚ್ಚಿ ಒತ್ತಿದೆ. ತಪ್ಪಂತೆ. ವಾಯ್ಡಬಲ್ ಅಂತೆ — ಬೇಕಾದರೆ ಉಳಿಸಿಕೊಳ್ಳಲಿ, ಬೇಡವಾದರೆ ಬಿಡಲಿ, ಹುಡುಗನ ಇಷ್ಟ. ಕಂಪ್ಯೂಟರೇ ಕೆಟ್ಟಿದೆ ಎಂದು ಜಯಂತನಿಗೆ ತೋರಿಸಿದೆ. ಅವನು ಗೈಡಿನ ಮೊದಲ ಫೋಟೋ ತೆಗೆದು ನೋಡಿದ. ತುಂಬ ಹೊತ್ತು ನೋಡಿದ.

"ಅಹಲ್ಯಾ, ಇದು ಇಂಡಿಯನ್ ಕಾಂಟ್ರಾಕ್ಟ್ ಆಕ್ಟ್. ಪರೀಕ್ಷೆ ಅಮೆರಿಕದ್ದಲ್ವಾ?"

ಮಾರ್ಕೆಟಿಂಗ್ ಎಲ್ಲಿ ಓದಿದರೂ ಮಾರ್ಕೆಟಿಂಗೇ. ಕಾನೂನು ಹಾಗಲ್ಲ. ಎರಡೂವರೆ ತಿಂಗಳು ಇಷ್ಟು ಸಣ್ಣ ವಿಷಯ ನಾನು, ಅಕ್ಕ, ಜಯಂತ ಮೂವರಲ್ಲಿ ಒಬ್ಬರ ತಲೆಗೂ ಹೋಗಲಿಲ್ಲ. ಪರಿಚಯದ ಪುಸ್ತಕ ಎಂದು ಅಪ್ಪಿಕೊಂಡೆ, ಯಾವ ದೇಶದ್ದು ಎಂದು ನೋಡಲಿಲ್ಲ. ಬಚ್ಚಲಲ್ಲಿ ನಲ್ಲಿ ಬಿಟ್ಟು ಅತ್ತೆ. ಆಮೇಲೆ ಉಪ್ಪಿಟ್ಟು ಮಾಡಿದೆ. ಉಪ್ಪು ಹೆಚ್ಚಾಗಿತ್ತು, ಜಯಂತನೂ ಮಗಳೂ ಮೊಸರು ಸುರಿದುಕೊಂಡು ತಿಂದರು.

ಫೆಬ್ರವರಿ 8

ಇರುವುದು ಇಪ್ಪತ್ತಾರು ದಿನ. ಮತ್ತೆ ಅದೇ ಪ್ರಶ್ನೆ — ಯಾವ ಪುಸ್ತಕ? ಆ ಸಾವಿರದ ನೂರು ಪುಟ ಈಗ ತರಿಸಿದರೆ ದಿಂಬಿಗೆ ಆಗುತ್ತದೆ, ಅಷ್ಟೇ.

ದಾರಿ ತೋರಿಸಿದ್ದು ಮಗಳು. ಶ್ರಾವ್ಯಾ, ಒಂಬತ್ತು ವರ್ಷ. ಇಲ್ಲಿನ ಸ್ಕೂಲಿನಲ್ಲಿ ದಿನಾ ಒಂದು ಪುಟ ಡ್ರಿಲ್. ಮೊದಲು ಬರೆ, ಆಮೇಲೆ ಉತ್ತರ ನೋಡು, ತಪ್ಪಿದ್ದನ್ನು ಮಾತ್ರ ಮರುದಿನ ಮತ್ತೆ ಬರೆ. ತಪ್ಪಿಗೆ ಇವರು ಮಾಚಿಗಾಯ್ ಎನ್ನುತ್ತಾರೆ. ನಾನು ಕನ್ನಡದಲ್ಲಿ ಗೋಳು ಹೇಳಿಕೊಂಡರೆ ಅವಳ ಉತ್ತರ:

"ಅಮ್ಮಾ, ವೈ ಆರ್ ಯೂ ರೀಡಿಂಗ್ ಎವ್ರಿಥಿಂಗ್? ಮಾಚಿಗಾಯ್ ಮಾತ್ರ ಓದು."

ಆ ತೆಳು ಪುಸ್ತಕ ತೆಗೆದುಕೊಂಡೆ. ಟ್ಯಾಬ್ಲೆಟ್‌ಗೆ ತಕ್ಷಣ ಬಂತು. ಪ್ರತಿ ಪ್ರಶ್ನೆಯ ಕೆಳಗೂ ಸರಿ ಯಾಕೆ ಸರಿ, ತಪ್ಪು ಯಾಕೆ ತಪ್ಪು ಎಂದಿದೆ. ನನಗೆ ಬೇಕಾದದ್ದು ಅದೊಂದೇ.

ಫೆಬ್ರವರಿ 14

42. ಅಕ್ಕನ ಫೋನ್. ಯಾವ ಪುಟದಲ್ಲಿದ್ದೀಯ ಎಂದಳು. 180 ಎಂದು ಬಾಯಿಗೆ ಬಂದ ಸುಳ್ಳು ಹೇಳಿದೆ. ಅವಳು ಖುಷಿಪಟ್ಟಳು. ನೀನು ತೆಗೆದದ್ದೆಲ್ಲ ದಂಡ ಎಂದು ಹೇಗೆ ಹೇಳಲಿ?

ಫೆಬ್ರವರಿ 27

49. ಒಂದು. ಬರೀ ಒಂದು.

ಮಾರ್ಚ್ 3

53. ಜಯಂತ ಹೊಸ ಎಕ್ಸೆಲ್ ಶೀಟ್ ತೆರೆದಿದ್ದಾನೆ, ನನ್ನ ತಪ್ಪುಗಳದ್ದು. ಈ ಸಲ ಕೆಲಸಕ್ಕೆ ಬಂತು. ಗ್ರಾಫ್ ನೋಡಿ ಅವನೇ ಹಿಗ್ಗುತ್ತಾನೆ.

ಮಾರ್ಚ್ 6, ಶನಿವಾರ. ಮಧ್ಯಾಹ್ನ 1

ಅಪ್ಪ ಮಗಳು ನದಿ ದಡಕ್ಕೆ ಹೋದರು. ಪರೀಕ್ಷೆ ಕೋಣೆಯಲ್ಲಿ ಇನ್ನೊಂದು ಉಸಿರು ಇರಕೂಡದಂತೆ. ಪರದೆಯಲ್ಲಿ ಕಾವಲಿನ ಹೆಂಗಸು, ಅಮೆರಿಕದಲ್ಲೆಲ್ಲೋ. ಕೋಣೆ ತೋರಿಸು ಎಂದಳು. ಲ್ಯಾಪ್‌ಟಾಪ್ ಎತ್ತಿ ಪ್ರದಕ್ಷಿಣೆ ಹಾಕಿದೆ. ಪಂಚಾಂಗದ ಕ್ಯಾಲೆಂಡರ್ ನೋಡಿ ಅನುಮಾನ ಬಂತು. ಅಷ್ಟು ಸಣ್ಣ ಅಕ್ಷರದಲ್ಲಿ ಏನೇನಿದೆ ಎಂದಳು. ರಾಹುಕಾಲ ಎಂದು ವಿವರಿಸುವ ಬದಲು ಕಿತ್ತು ಹೊರಗಿಟ್ಟೆ.

ತೊಂಬತ್ತು ನಿಮಿಷ. ಮೈನರ್ ಬಂದೇ ಬಂದ. ಈ ಸಲ ಬೈಕ್ ಅಲ್ಲ, ಗಿಟಾರು. ಕೈ ವಾಯ್ಡ್ ಮೇಲೆ ಹೋಯಿತು... ವಾಪಸ್ ಬಂತು.

56.

ಕಾಮಾಕ್ಷಿ ಮೇಡಂಗೆ ಫೋನ್ ಮಾಡಿದೆ. ಸರ್ಟಿಫಿಕೇಟ್ ಆಮೇಲೆ ಬರಲಿ, ಕಾಲೇಜಿನ ಪತ್ರ ಸಾಕು, ಒಂದನೇ ತಾರೀಕು ಬನ್ನಿ ಎಂದರು. ಆಮೇಲೆ ಅಕ್ಕನಿಗೆ. ಪಾಸು ಎಂದ ಉಸಿರಲ್ಲೇ ನಿಜವನ್ನೂ ಹೇಳಿಬಿಟ್ಟೆ — ಗೈಡು ನಮ್ಮ ದೇಶದ್ದು, ಕಾನೂನು ಅವರದ್ದು, ಫೋಟೋ ಉಪಯೋಗಕ್ಕೆ ಬರಲಿಲ್ಲ, ಕ್ಷಮಿಸು. ಬೈಯಲಿ ಎಂದು ಕಾದೆ.

"ಹಾಗಾದ್ರೆ ಮೈನರ್ ಮಾಡಿದ್ದು ವಾಯ್ಡ್ ಅಲ್ವೇನೇ?"

"ನಿಂಗೆ ವಾಯ್ಡು ಅಕ್ಕ. ನಂಗೆ ವಾಯ್ಡಬಲ್ಲು." ಹೇಳಿದ ಮೇಲೆ ಹೊಳೆಯಿತು. "ನಿಂಗ್ ಹೇಗೆ ಗೊತ್ತು?"

"ಫೋಟೋ ಶೇಕ್ ಆಗಿದ್ಯಾ ಅಂತ ನೋಡ್ಬೇಕಿತ್ತಲ್ಲ. ನೋಡ್ತಾ ನೋಡ್ತಾ ಓದ್ಬಿಟ್ಟೆ. ಎರಡು ಸಲ." ದನಿ ತಗ್ಗಿಸಿದಳು. "ಬಿ.ಕಾಂ. ಕರೆಸ್ಪಾಂಡೆನ್ಸ್‌ಗೆ ಅರ್ಜಿ ಹಾಕಿದೀನಿ ಕಣೇ. ನಿನ್ ರಿಸಲ್ಟ್ ಬರ್ಲಿ ಅಂತ ಹೇಳಿರ್ಲಿಲ್ಲ."

ನಲವತ್ತಾರು ವರ್ಷದ ಅಕ್ಕ. ಇಬ್ಬರೂ ಅತ್ತೆವು, ಇಬ್ಬರೂ ನಕ್ಕೆವು. ಶ್ರಾವ್ಯಾ ಬಾಗಿಲಲ್ಲಿ ನಿಂತು, ಮಾಸ್ಕ್ ಕೂಡ ತೆಗೆಯದೆ, ಪಾಸೋ ಫೇಲೋ ಎಂದು ಅಪ್ಪನನ್ನು ಕೇಳುತ್ತಿದ್ದಳು.

ಏಪ್ರಿಲ್ 1, ಗುರುವಾರ. ಬೆಳಿಗ್ಗೆ 8.40

ಇಸ್ತ್ರಿ ಮಾಡಿದ ಸಲ್ವಾರ್, ಹೊಸ ಬ್ಯಾಗು. ಒಂಬತ್ತೂವರೆಗೆ ಶಾಲೆಯಲ್ಲಿರಬೇಕು. ಬೆಂಗಳೂರಲ್ಲಿ ಐದು ಗಂಟೆ, ನಲ್ಲಿ ನೀರು ಬರುವ ಹೊತ್ತು. ಅಕ್ಕ ಕೊಡ ಇಟ್ಟು ಫೋನ್ ಮಾಡಿದಳು. ಉಳಿದ ಸಬ್ಜೆಕ್ಟಿಗೆಲ್ಲ ಯಾವ ಪುಸ್ತಕ ತರಲಿ ಎಂದಳು. ಪುಸ್ತಕ ಆಮೇಲೆ, ಮೊದಲು ಹಳೇ ಪ್ರಶ್ನೆಪತ್ರಿಕೆ ಬರೆದು ನೋಡು ಎಂದೆ. ಪೋರ್ಷನ್ ಮುಗಿಯದೆ ಯಾರಾದರೂ ಟೆಸ್ಟ್ ತಗೊಳ್ಳುತ್ತಾರೆಯೇ ಎಂದು ನನಗೇ ಬೈದಳು. ನಾನು ಬಿಡಲಿಲ್ಲ. ಆಯ್ತು ಮಾರಾಯ್ತಿ, ನೀನೇ ಕೇಳು ಪ್ರಶ್ನೆ, ನಾನು ಇಲ್ಲೇ ಉತ್ತರ ಹೇಳ್ತೀನಿ ಎಂದಳು. ಜಯಂತ ಗಡಿಯಾರ ತೋರಿಸುತ್ತಿದ್ದಾನೆ. ಒಂದು ಕೈಯಲ್ಲಿ ಪೆನ್ನು, ಭುಜಕ್ಕೂ ಕಿವಿಗೂ ನಡುವೆ ಅಕ್ಕ. ಮೊದಲ ಪ್ರಶ್ನೆ ಕೇಳಿದ್ದೇನೆ, ಯೋಚಿಸುತ್ತಿದ್ದಾಳೆ... ಕೊಡ ತುಂಬಿ ಹರಿಯುವ ಸದ್ದು ಇಲ್ಲಿಗೆ ಕೇಳುತ್ತಿದೆ, ನಲ್ಲಿ ನಿಲ್ಲಿಸು ಅಕ್ಕ ಎಂದರೆ ತಡಿಯೇ, ಉತ್ತರ ಬರ್ತಾ ಇದೆ ಅನ್ನುತ್ತಾಳೆ, ಬರುತ್ತಿದೆ —